ಇಪ್ಪತ್ತನೆಯ ಪುಟದಲ್ಲಿ ನಿಂತ ಹನ್ನೊಂದು ಪುಸ್ತಕಗಳು

(ಹೆಸರು, ಊರು, ಮನೆಯವರ ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.)

ಮೇದಿನಿಯನ್ನು ಅವಳ ತಾಯಿ ಕರೆತಂದದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಹುಡುಗಿಗೆ 15 ವರ್ಷ, ಒಂಬತ್ತನೆಯ ತರಗತಿ ಆಗಷ್ಟೇ ಮುಗಿದಿತ್ತು. ತಾಯಿ ಕುಳಿತವರೇ ಬಟ್ಟೆಯ ಚೀಲದಿಂದ ಪುಸ್ತಕಗಳನ್ನು ತೆಗೆದು ನನ್ನ ಮೇಜಿನ ಮೇಲೆ ಪೇರಿಸತೊಡಗಿದರು. ಒಟ್ಟು ಹನ್ನೊಂದು. ಯಶಸ್ಸಿನ ಸೂತ್ರಗಳು, ಮಹಾಪುರುಷರ ಜೀವನ ಚರಿತ್ರೆಗಳು, ನೆನಪಿನ ಶಕ್ತಿ ಹೆಚ್ಚಿಸಿಕೊಳ್ಳುವ ಬಗೆ. ಎಲ್ಲದರಲ್ಲೂ ಇಪ್ಪತ್ತನೆಯ ಪುಟದ ಆಸುಪಾಸಿನಲ್ಲಿ ಒಂದೊಂದು ಬಸ್ ಟಿಕೆಟ್ ಸಿಕ್ಕಿಸಿತ್ತು. ಅಲ್ಲಿಂದ ಮುಂದಿನ ಪುಟಗಳು ಅಂಗಡಿಯಿಂದ ತಂದ ದಿನದಷ್ಟೇ ಗರಿಗರಿಯಾಗಿದ್ದವು.

"ಇಷ್ಟೆಲ್ಲ ತಂದುಕೊಟ್ಟರೂ ಮುಟ್ಟುವುದಿಲ್ಲ ಮೇಡಂ. ಅದೊಂದನ್ನೇ ಓದುತ್ತಾಳೆ. ಇದು ನಾಲ್ಕನೆಯ ಸಲ. ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತೆ. ಇವಳ ಮನಸ್ಸಿಗೆ ಏನೋ ಆಗಿದೆ."

ಅದೊಂದು ಎಂದರೆ ಸುಝನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’. 2008ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. 12ರಿಂದ 18 ವರ್ಷದೊಳಗಿನ 24 ಮಕ್ಕಳನ್ನು ಚೀಟಿ ಎತ್ತಿ ಆರಿಸಿ, ಕಣಕ್ಕಿಳಿಸಿ, ಒಬ್ಬರೇ ಉಳಿಯುವ ತನಕ ಕಾದಾಡಿಸುವ ಕಥೆ. ಬೆನ್ನಪುಟದ ನಾಲ್ಕು ಸಾಲು ಓದಿದ ಯಾವ ತಾಯಿಯಾದರೂ ಗಾಬರಿಯಾಗುವಂಥದ್ದೇ.

ಮೊದಲು ನನ್ನ ಕೆಲಸ ಮಾಡಿದೆ. ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯೊಬ್ಬಳೊಡನೆ ಮಾತನಾಡಿದೆ. ನಿದ್ದೆ, ಊಟ, ಗೆಳತಿಯರು, ಶಾಲೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂಬುದು, ಯಾವುದನ್ನೂ ಬಿಡದೆ ನೇರವಾಗಿ ಕೇಳಿದೆ. ಕಳವಳಪಡುವಂಥದ್ದು ಏನೂ ಕಾಣಲಿಲ್ಲ. ಚೆನ್ನಾಗಿ ಉಣ್ಣುತ್ತಿದ್ದಳು, ಗೆಳತಿಯರೊಡನೆ ವಾರಕ್ಕೊಮ್ಮೆ ಜಗಳವಾಡಿ ರಾಜಿಯಾಗುತ್ತಿದ್ದಳು. ಕಡೆಗೆ ಅವಳೇ ಹೇಳಿದಳು: "ಮೂರೂ ಭಾಗ ಮುಗಿದುಹೋಯಿತು ಮೇಡಂ. ಆಮೇಲೆ ಏನು ಓದಬೇಕೋ ಗೊತ್ತಾಗಲಿಲ್ಲ. ಅದಕ್ಕೆ ಮತ್ತೆ ಮೊದಲಿನಿಂದ ಹಿಡಿದೆ."

ಇಷ್ಟೇ. ಕಾಯಿಲೆಯೇನೂ ಅಲ್ಲ ಎಂದು ಕಳುಹಿಸಿಬಿಡಬಹುದಿತ್ತು. ಆದರೆ ಪುಸ್ತಕದ ನೆಪದಲ್ಲಿ ತಾಯಿ ಮಗಳ ನಡುವೆ ಮಾತು ನಿಂತು ತಿಂಗಳಾಗಿತ್ತು. ಇನ್ನೂ ಎರಡು ಸಲ ಬರುವಂತೆ ಹೇಳಿದೆ.

ಮೊದಲ ತಪ್ಪು ನನ್ನದೇ. ಓದುವ ಹುಡುಗಿ ಸಿಕ್ಕಳೆಂಬ ಹಿಗ್ಗಿನಲ್ಲಿ ಅಂದೇ ನನ್ನ ಕಪಾಟಿನಿಂದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ತೆಗೆದುಕೊಟ್ಟೆ. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿ, ನನಗೆ ಬಹಳ ಪ್ರಿಯವಾದದ್ದು. ಮುಂದಿನ ವಾರ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟಳು. "ಚೆನ್ನಾಗಿದೆ ಮೇಡಂ. ಆದರೆ ಇದು ಚಿಕ್ಕವರದು." ಪುಸ್ತಕದ ಮೇಲೆ ದೂರು ಹೇಳಲಾರೆ, ಅವಳ ಮೇಲೂ ಹೇಳಲಾರೆ. ಹದಿನೈದರ ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆಯನ್ನು ಹುಡುಕುತ್ತಾರೆ, ತಾವು ಈಗಷ್ಟೇ ದಾಟಿ ಬಂದ ವಯಸ್ಸನ್ನು ತಿರುಗಿ ನೋಡುವ ಮನಸ್ಸು ಅವರಿಗೆ ಇರುವುದಿಲ್ಲ. ಇದು ಗೊತ್ತಿದ್ದೂ ನನಗೆ ಇಷ್ಟವಾದದ್ದನ್ನು ಅವಳ ಕೈಗೆ ತುರುಕಿದ್ದೆ. ಹನ್ನೊಂದು ಪುಸ್ತಕ ತಂದ ತಾಯಿಗೂ ನನಗೂ ಏನು ವ್ಯತ್ಯಾಸ? ನನ್ನದು ಹನ್ನೆರಡನೆಯದು, ಅಷ್ಟೇ.

ಆಮೇಲೆ ಅವಳ ಪ್ರತಿಯನ್ನೇ ತರಲು ಹೇಳಿದೆ. ಬೆನ್ನು ಬಿರಿದು, ರಟ್ಟಿಗೆ ಸೆಲ್ಲೋಟೇಪ್ ಹಚ್ಚಿದ್ದ ಪುಸ್ತಕ. ಮೇಜಿನ ಮೇಲಿಟ್ಟರೆ ತಾನಾಗಿಯೇ ಎರಡು ಮೂರು ಕಡೆ ತೆರೆದುಕೊಳ್ಳುತ್ತಿತ್ತು. ಯಾವುದೂ ಕೊಲೆಯ ಪುಟವಲ್ಲ. ಕಥಾನಾಯಕಿ ಕಟ್ನಿಸ್ ಕಾಡಿನಲ್ಲಿ ನೀರು ಹುಡುಕುವುದು, ಉರುಲು ಹಾಕುವುದು, ಬೇರು, ಸೊಪ್ಪು ಗುರುತಿಸುವುದು. ಇವೇ ಪುಟಗಳ ಅಂಚು ಬೆರಳಿನ ಜಿಡ್ಡಿಗೆ ಕಂದಿದ್ದವು.

"ಇಲ್ಲೇ ಯಾಕೆ ಮತ್ತೆ ಮತ್ತೆ?" ಎಂದೆ.

"ಅವಳಿಗೆ ಯಾವುದು ತಿನ್ನಬಹುದು, ಯಾವುದು ತಿನ್ನಬಾರದು ಎಂದು ಗೊತ್ತು ಮೇಡಂ. ನಮ್ಮ ಅಜ್ಜಿಗೂ ಗೊತ್ತಿತ್ತು." ಸ್ವಲ್ಪ ತಡೆದು, "ಕಟ್ನಿಸ್ ಅನ್ನುವುದೇ ನೀರಲ್ಲಿ ಬೆಳೆಯುವ ಒಂದು ಗಿಡದ ಹೆಸರು. ಅದರ ಗೆಡ್ಡೆ ತಿನ್ನುತ್ತಾರೆ," ಎಂದು ಸೇರಿಸಿದಳು.

ತಾಯಿ ಹೆದರಿದ್ದ ಕೊಲೆ, ರಕ್ತ ಯಾವುದೂ ಅವಳನ್ನು ಹಿಡಿದಿರಲಿಲ್ಲ. ಹಿಡಿದದ್ದು ಕಾಡು ಬಲ್ಲವಳೊಬ್ಬಳ ಕಸುಬು. ಇದು ತಿಳಿದ ಮೇಲೆ ಮುಂದಿನ ಪುಸ್ತಕ ಹುಡುಕುವುದು ಕಷ್ಟವಿರಲಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಹೇಳಿದೆ. ಮುಖ ಸಿಂಡರಿಸಿದಳು. ಕನ್ನಡ ಪುಸ್ತಕ ಎಂದರೆ ಅವಳಿಗೆ ‘ಸಂದರ್ಭದೊಂದಿಗೆ ವಿವರಿಸಿ’ ಎಂದೇ ಅರ್ಥ. ಮನೆಯಲ್ಲಿ ದಿನವಿಡೀ ಆಡುವ ಭಾಷೆ, ಓದಲು ಕುಳಿತರೆ ಮಾತ್ರ ಪರೀಕ್ಷೆ. ನಾನು ಒಂದು ಕರಾರು ಮಾಡಿಕೊಂಡೆ: ಮೂವತ್ತು ಪುಟ ಓದು, ಹಿಡಿಸದಿದ್ದರೆ ಬಿಡು, ಯಾಕೆ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲ. ಮುಗಿಸಿದರೆ ಏನು ಕಲಿತೆ ಎಂದೂ ಕೇಳುವುದಿಲ್ಲ.

ಇಲ್ಲಿ ಒಂದು ಮಾತು. ಇಂಗ್ಲಿಷ್ ಪುಸ್ತಕದಂಗಡಿಗೆ ಹೋದರೆ ಹದಿಹರೆಯದವರಿಗೆಂದೇ ‘ಯಂಗ್ ಅಡಲ್ಟ್’ ಎಂದು ಬರೆದ ಒಂದು ಗೋಡೆಯೇ ಇರುತ್ತದೆ. ಕನ್ನಡದಲ್ಲಿ ಒಂದು ಕಪಾಟು ಮಕ್ಕಳದು, ಅದರಾಚೆಗಿನದೆಲ್ಲ ದೊಡ್ಡವರದು. ನಡುವೆ ತೆಳುವಾದ ಒಂದು ಸಾಲು. ಹಾಗೆಂದು ನಮ್ಮ ಹದಿನೈದರ ಮಕ್ಕಳು ಓದದೆ ಕುಳಿತಿದ್ದರೇ? ಒಂದೇ ನೆಗೆತಕ್ಕೆ ಆಚೆ ದಡಕ್ಕೆ ಹಾರುತ್ತಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರಿ, ತ್ರಿವೇಣಿ, ವಾರಪತ್ರಿಕೆಗಳ ಧಾರಾವಾಹಿ, ಕೈಗೆ ಸಿಕ್ಕಿದ್ದು. ನೀವು ಏನು ಓದುತ್ತಿದ್ದಿರಿ ಎಂದು ತಾಯಿಯನ್ನು ಕೇಳಿದಾಗ ಅವರು ಮೊದಲು ಬಾಗಿಲ ಕಡೆ ನೋಡಿದರು. ಆಮೇಲೆ ನಗು ತಡೆಯಲಾರದೆ, ಸಮಾಜ ವಿಜ್ಞಾನದ ಪಠ್ಯಪುಸ್ತಕದೊಳಗೆ ‘ಸುಧಾ’ ಇಟ್ಟುಕೊಂಡು ಧಾರಾವಾಹಿ ಓದಿ ಸಿಕ್ಕಿಬಿದ್ದದ್ದನ್ನು ಹೇಳಿದರು. ಅವರ ತಂದೆ ಆ ಸಂಚಿಕೆಯನ್ನು ಬಚ್ಚಲ ಒಲೆಗೆ ಹಾಕಿದ್ದರಂತೆ. ಆ ಕಂತಿನಲ್ಲಿ ಏನಾಯಿತೆಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

"ಇದನ್ನು ಮೇದಿನಿಗೆ ಹೇಳಿದ್ದೀರಾ?"

"ಅಯ್ಯೋ, ಅವಳಿಗೆ ಹೇಗೆ ಹೇಳುವುದು ಮೇಡಂ!"

ಹೇಳಿ ಎಂದೆ. ತಾಯಿಗೆ ಕೊಟ್ಟ ಸಲಹೆಗಳಲ್ಲಿ ನಾನು ಮೊದಲಿಗೆ ಇಡುವುದು ಇದನ್ನೇ. ಎರಡನೆಯದು, ಮಗಳು ನಾಲ್ಕು ಸಲ ಓದಿದ ಪುಸ್ತಕವನ್ನು ನೀವೂ ಮೂವತ್ತು ಪುಟ ಓದಿ, ನಿಷೇಧ ಹಾಕುವುದಿದ್ದರೆ ಆಮೇಲೆ ಹಾಕಿ. ತಂಗಿಯ ಹೆಸರಿನ ಚೀಟಿ ಬಂದಾಗ ಅವಳ ಬದಲು ಅಕ್ಕ ಮುಂದೆ ಬರುವ ಘಟನೆ ಆರಂಭದಲ್ಲೇ ಇದೆ. ಅಲ್ಲಿಗೆ ಬಂದ ಮೇಲೆ ಅವರು ನಿಲ್ಲಿಸಲಿಲ್ಲ, ಎರಡು ರಾತ್ರಿಯಲ್ಲಿ ಮುಗಿಸಿದರು.

ಹತ್ತನೆಯ ತರಗತಿಯ ಭಯವೂ ಇತ್ತು. ಮಲಗುವ ಮುನ್ನ ಅರ್ಧ ಗಂಟೆ ಕಥೆಗೆ ಮೀಸಲಿಡಿ, ಅದನ್ನು ಬಹುಮಾನವಾಗಿಯೂ ಶಿಕ್ಷೆಯಾಗಿಯೂ ಬಳಸಬೇಡಿ ಎಂದೆ. ಅಂಕ ಕಡಿಮೆ ಬಂದಾಗ ಕಾದಂಬರಿ ಕಿತ್ತುಕೊಂಡರೆ, ಓದುವುದು ಎಂದರೆ ಕದ್ದು ಮಾಡುವ ಕೆಲಸ ಎಂಬಂತಾಗುತ್ತದೆ. ಬಚ್ಚಲ ಒಲೆಯ ಅನುಭವವಿದ್ದವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಸಾವು, ಹಿಂಸೆಯ ಕಥೆಗಳ ಬಗ್ಗೆಯೂ ಕೇಳಿದರು. ಪುಸ್ತಕವೊಂದನ್ನೇ ರೋಗಲಕ್ಷಣವೆಂದು ತಿಳಿಯಬೇಡಿ. ನಿದ್ದೆ ಕೆಟ್ಟಿದೆ, ಊಟ ಬಿಟ್ಟಿದ್ದಾಳೆ, ಗೆಳತಿಯರಿಂದ ದೂರವಾಗಿದ್ದಾಳೆ ಎಂದಾದರೆ, ಏನು ಓದುತ್ತಿದ್ದರೂ ತಡಮಾಡದೆ ಕರೆತನ್ನಿ.

ಮೇದಿನಿಗೆ ‘ಕರ್ವಾಲೊ’ ಹೇಗಾಯಿತು ಎಂದರೆ, ಹದಿನೈದು ಪುಟದವರೆಗೂ ಕುಂಟಿತು. ಕಥೆ ಹೇಳುವವರು ಕೃಷಿ ಮಾಡುವ ದೊಡ್ಡ ಮನುಷ್ಯರು, ಹುಡುಗಿಯರೇ ಇಲ್ಲ ಎಂದು ದೂರಿದಳು. ದೂರು ನ್ಯಾಯವಾದದ್ದೇ. ಆದರೆ ಜೇನು ಹಿಡಿಯುವ ಮಂದಣ್ಣ ಅವಳನ್ನು ಎಳೆದುಕೊಂಡು ಹೋದ. ಶಾಲೆಯ ಲೆಕ್ಕದಲ್ಲಿ ದಡ್ಡನೆನಿಸಿಕೊಳ್ಳುವ ಒಬ್ಬನಿಗೆ ವಿಜ್ಞಾನಿಯೂ ಕಿವಿಗೊಡುವಷ್ಟು ಕಾಡು ಗೊತ್ತಿರುವುದು ಅವಳಿಗೆ ಬಹಳ ಹಿಡಿಸಿತು. ಹಾರುವ ಓತಿಯ ಬೆನ್ನು ಹತ್ತಿದ ಕೊನೆಯ ಭಾಗವನ್ನು ಒಂದೇ ಸಲಕ್ಕೆ ಕುಳಿತು ಓದಿದಳಂತೆ. ಅಲ್ಲಿಂದ ‘ಜುಗಾರಿ ಕ್ರಾಸ್’ಗೆ ಹೋಗುವುದು ಸಲೀಸಾಯಿತು. ಏಲಕ್ಕಿ ಮಾರಲು ಹೊರಟ ಎಳೆಯ ದಂಪತಿ ಒಂದೇ ದಿನದಲ್ಲಿ ಸಿಕ್ಕಿಕೊಳ್ಳುವ ಗಂಡಾಂತರ, ಅದರ ಓಟಕ್ಕೆ ಮೂವತ್ತು ಪುಟದ ಕರಾರು ಬೇಕಾಗಲಿಲ್ಲ.

ಆ ಓಟ ಹಿಡಿಸಿತೆಂದು ಇಂಗ್ಲಿಷಿನ ‘ದಿ ಔಟ್‌ಸೈಡರ್ಸ್’ ಸೂಚಿಸಿದೆ. 1967ರದು. ಎಸ್. ಇ. ಹಿಂಟನ್ ಅದನ್ನು ಬರೆಯತೊಡಗಿದಾಗ ಇವಳದೇ ವಯಸ್ಸಿನ ಶಾಲಾ ಹುಡುಗಿ, ಪ್ರಕಟವಾದಾಗ ಆಕೆಗೆ 18. ಇದನ್ನು ಕೇಳಿದ್ದೇ ಮೇದಿನಿ ಬೆನ್ನು ನೇರ ಮಾಡಿ ಕುಳಿತಳು. ಕಥೆ ಹೇಳುವ ಹುಡುಗನಿಗೆ ಇನ್ನೂ 14, ನನ್ನ ದೊಡ್ಡವರ ಸಿದ್ಧಾಂತ ಇಲ್ಲಿ ಸೋತಿತು. ಚಿಕ್ಕವನಾದರೂ ಚಿಕ್ಕವರ ಪುಸ್ತಕವಲ್ಲ ಎಂಬುದು ಅವಳ ತೀರ್ಪು.

ಅವಳಿಗೆ ನಾನು ಕೊಟ್ಟ ಮನೆಗೆಲಸ ಒಂದೇ. ಪುಸ್ತಕ ಮುಗಿದ ಕೂಡಲೇ, ಇನ್ನೂ ಸ್ವಲ್ಪ ಇರಬೇಕಿತ್ತು ಎನಿಸಿದ ಭಾಗ ಯಾವುದು ಎಂದು ಒಂದು ಸಾಲು ಬರೆದಿಡುವುದು. ಕಾಡೋ, ಓಟವೋ, ಅಕ್ಕ ತಂಗಿಯೋ, ಮಾತಿನ ಧಾಟಿಯೋ. ಗ್ರಂಥಾಲಯದವರ ಬಳಿ "ನನ್ನ ವಯಸ್ಸಿನವರಿಗೆ ಏನಿದೆ" ಎಂದು ಕೇಳಿದರೆ ಅವರು ನೀತಿಕಥೆಯ ಕಪಾಟು ತೋರಿಸುವ ಸಂಭವವೇ ಹೆಚ್ಚು. "ಕಾಡಿನಲ್ಲಿ ದಾರಿ ತಪ್ಪುವ ಕಥೆ ಇದೆಯೇ" ಎಂದರೆ ಎದ್ದು ಬಂದು ಹುಡುಕುತ್ತಾರೆ.

ಹಾಗೆ ಕೇಳಿಯೇ ಅವಳು ಕಾರಂತರ ‘ಬೆಟ್ಟದ ಜೀವ’ ತಂದದ್ದು.

ಕೊನೆಯ ಸಲ ಬಂದಾಗ ನೋಟ್‌ಬುಕ್ ತೋರಿಸಿದಳು. ಒಂದು ಕಡೆ ಮುಗಿಸಿದವು, ಇನ್ನೊಂದು ಕಡೆ ಬಿಟ್ಟವು. ಬಿಟ್ಟವುಗಳ ಪಟ್ಟಿಯೇ ಉದ್ದ, ನಾನು ಕೊಟ್ಟದ್ದೂ ಅಲ್ಲಿತ್ತು. ‘ಬೆಟ್ಟದ ಜೀವ’ದ ಎದುರು ಪೆನ್ಸಿಲಿನಲ್ಲಿ ಬರೆದಿದ್ದಳು: "ಪುಟ 38. ದಾರಿ ತಪ್ಪುವುದು ಚೆನ್ನಾಗಿದೆ. ಆಮೇಲೆ ಬರೀ ಊಟ, ಮಾತು. ಪಿಯುಸಿಯಲ್ಲಿ ಮತ್ತೆ ನೋಡುವುದು." ಅದರ ಕೆಳಗೆ ಬೇರೆ ಅಕ್ಷರದಲ್ಲಿ, ನೀಲಿ ಬಾಲ್ ಪೆನ್ನಿನಲ್ಲಿ ಇನ್ನೊಂದು ಸಾಲಿತ್ತು: "ನಾನು ಓದುತ್ತಿದ್ದೇನೆ, ಗ್ರಂಥಾಲಯಕ್ಕೆ ಹಿಂದಿರುಗಿಸಬೇಡ. ಅಮ್ಮ."