ಕಥೆಯನ್ನೆಲ್ಲ ಬರೆದರೂ ಅಂಕ ಏಕಿಲ್ಲ?

ಪರೀಕ್ಷೆ ಹತ್ತಿರ ಬಂತೆಂದರೆ ಇದೇ ಪ್ರಶ್ನೆ ಬಗೆಬಗೆಯ ವೇಷ ಹಾಕಿಕೊಂಡು ಬರುತ್ತದೆ. ಈ ಸಲ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. ಉಳಿದವರು ಬೇಸರಿಸಬಾರದು.

ಪ್ರಶ್ನೆ: ನಾನು ಬಿ.ಎ. ವಿದ್ಯಾರ್ಥಿನಿ. ‘ಗೋವಿನ ಹಾಡನ್ನು ವಿಶ್ಲೇಷಿಸಿ’ ಎಂದಿದ್ದರು. ಕಥೆಯಲ್ಲಿ ಏನನ್ನೂ ಬಿಡದೆ ನಾಲ್ಕು ಪುಟ ಬರೆದೆ. ಮೇಷ್ಟ್ರು ‘ಇದು ಸಾರಾಂಶ’ ಎಂದು ಷರಾ ಹಾಕಿ ಹಿಂದಿರುಗಿಸಿದರು. ಎರಡಕ್ಕೂ ಏನು ವ್ಯತ್ಯಾಸ?

ಉತ್ತರ: ಮೇಷ್ಟ್ರು ಸರಿಯಾಗಿಯೇ ಬರೆದಿದ್ದಾರೆ. ಪುಣ್ಯಕೋಟಿ ಹುಲಿಗೆ ಸಿಕ್ಕಿತು, ಕರುವಿಗೆ ಹಾಲುಣಿಸಿ ಬರುತ್ತೇನೆಂದು ಮಾತು ಕೊಟ್ಟಿತು, ಹಾಗೆಯೇ ಮರಳಿತು, ಹುಲಿಯೇ ಪ್ರಾಣ ಬಿಟ್ಟಿತು. ಇದು ನಿಮ್ಮ ಮೇಷ್ಟ್ರಿಗೆ ಗೊತ್ತಿಲ್ಲವೇ? ಗೊತ್ತಿರುವವರಿಗೇ ಕಥೆ ಹೇಳಿ ನಾಲ್ಕು ಪುಟ ತುಂಬಿಸಿದ್ದೀರಿ. ಹಾಡಿನಲ್ಲಿ ಏನು ನಡೆಯಿತೆಂದು ಹೇಳಿದರೆ ಸಾರಾಂಶ. ಅದನ್ನು ಹಾಡು ಹೇಗೆ ನಡೆಸಿತು, ಹಾಗೆ ನಡೆಸಿದ್ದರಿಂದ ಯಾವ ಅರ್ಥ ಹುಟ್ಟಿತು ಎಂದು ಸಾಲುಗಳ ಸಾಕ್ಷಿಯೊಡನೆ ವಾದಿಸಿದರೆ ವಿಶ್ಲೇಷಣೆ. ನೀವು ಬರೆದ ವಾಕ್ಯಕ್ಕೆ ಹಾಡು ಓದಿದ ಯಾರೂ ‘ಇಲ್ಲ, ಹಾಗಲ್ಲ’ ಎನ್ನಲು ಆಗದಿದ್ದರೆ ಅದು ಬಹುಮಟ್ಟಿಗೆ ಸಾರಾಂಶವೇ.

ಮಾಡಿ ತೋರಿಸುತ್ತೇನೆ. ಹಸು ತನ್ನ ಮಾತಿನ ನಿಷ್ಠೆಯನ್ನು ಹೇಳುವಾಗ, ‘ಸತ್ಯವಾಕ್ಯಕೆ ತಪ್ಪಿ ನಡೆದರೆ ಮೆಚ್ಚನಾ ಪರಮಾತ್ಮನು’ ಎನ್ನುತ್ತದೆ. ಕೊನೆಯಲ್ಲಿ ಹುಲಿ ಕಣ್ಣೀರು ಸುರಿಸಿ ಹೇಳುವುದೇನು? ‘ಕನ್ನೆಯಿವಳನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು.’ ಹಸು ತನ್ನ ಮಾತನ್ನು ನಿಲ್ಲಿಸಿದ ಜಾಗದಲ್ಲೇ ಹುಲಿಯೂ ನಿಲ್ಲಿಸುತ್ತದೆ. ಇನ್ನೊಂದು ನೋಡಿ. ಕರುವನ್ನು ದೊಡ್ಡಿಯ ಹಸುಗಳಿಗೆ ಒಪ್ಪಿಸುವಾಗ ಪುಣ್ಯಕೋಟಿ ಅವರನ್ನು ಕರೆಯುವುದು ‘ಅಮ್ಮಗಳಿರಾ ಅಕ್ಕಗಳಿರಾ, ನಮ್ಮ ತಾಯ ಒಡಹುಟ್ಟುಗಳಿರಾ’ ಎಂದು. ತಬ್ಬಲಿಯಾಗಲಿರುವ ಕರುವಿಗೆ ಅದು ನೆಂಟಸ್ತಿಕೆಯನ್ನು ಬೇಡುತ್ತಿದೆ. ಆ ನೆಂಟಸ್ತಿಕೆಯೇ ಬೆಟ್ಟದ ಮೇಲೆ ಹುಲಿಯ ಬಾಯಲ್ಲಿ ಬರುತ್ತದೆ: ‘ಎನ್ನ ಒಡಹುಟ್ಟಕ್ಕ ನೀನು.’

ಈಗ ವಾದ ಕಟ್ಟಬಹುದು. ಹುಲಿ ಸತ್ತದ್ದು ಬರಿಯ ಪಶ್ಚಾತ್ತಾಪದಿಂದಲ್ಲ. ಹಸುವಿನ ದೇವರನ್ನೂ ಹಸುವಿನ ಬಳಗವನ್ನೂ ಒಪ್ಪಿಕೊಂಡ ಮೇಲೆ ಅದಕ್ಕೆ ಹುಲಿಯಾಗಿ ಉಣ್ಣುವ ದಾರಿಯೇ ಉಳಿಯಲಿಲ್ಲ. ಒಪ್ಪುವುದಿಲ್ಲವೇ? ಸಂತೋಷ. ‘ಹಸುವನ್ನು ನಂಬಿ ಕಳಿಸಿದ್ದು ಹುಲಿಯೇ ಅಲ್ಲವೇ? ಅದಕ್ಕೇಕೆ ಸಾವು? ಹಾಡು ಹುಲಿಗೆ ಅನ್ಯಾಯ ಮಾಡಿದೆ’ ಎಂದು ಬರೆಯಿರಿ. ಅದೂ ವಿಶ್ಲೇಷಣೆಯೇ, ಸಾಲು ತೋರಿಸಿದರೆ. ಒಂದು ಎಚ್ಚರಿಕೆ: ಈ ಹಾಡಿಗೆ ಪಾಠಾಂತರಗಳಿವೆ. ನಿಮ್ಮ ಪಠ್ಯದಲ್ಲಿ ಇರುವ ಸಾಲನ್ನೇ ಎತ್ತಿಕೊಳ್ಳಿ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದನ್ನು ನಂಬಿ ಬರೆಯುವವರನ್ನು ಕಂಡರೆ ನನಗೆ ಭಯ.

ಸಾರಾಂಶವೇ ಬೇಡವೆಂದು ನಾನು ಹೇಳಲಿಲ್ಲ (ಮುಂದಿನ ವಾರ ಹಾಗೆ ಹೇಳಿದೆನೆಂದು ಪತ್ರ ಬರುತ್ತದೆ). ವಾದಕ್ಕೆ ಬೇಕಾದಷ್ಟು, ಎರಡು ವಾಕ್ಯ ಸಾಕು.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬಲ್ಲಿ ಪ್ರತಿ ಸಲವೂ ಅಂಕ ಕಳೆದುಕೊಳ್ಳುತ್ತಾನೆ.

ಉತ್ತರ: ಪ್ರಶ್ನೆಯಲ್ಲಿ ಕೊಟ್ಟ ಮಾತು ಯಾವ ಪಾಠದ್ದೆಂದು ಆಯ್ಕೆ ಬರೆಯುತ್ತಾನೆ, ಸಂದರ್ಭ ಬರೆಯುತ್ತಾನೆ, ಸ್ವಾರಸ್ಯದ ಕೆಳಗೆ ಸಂದರ್ಭವನ್ನೇ ಮತ್ತೊಮ್ಮೆ ಬರೆದು ‘ಎಂದು ಕವಿ ಸ್ವಾರಸ್ಯಕರವಾಗಿ ವರ್ಣಿಸಿದ್ದಾರೆ’ ಎಂದು ಮುಗಿಸುತ್ತಾನೆ. ಹೌದಲ್ಲವೇ? ಮೌಲ್ಯಮಾಪನದಲ್ಲಿ ಈ ವಾಕ್ಯ ಓದಿ ಓದಿ ನನಗೆ ಸಾಕಾಗಿದೆ. ಆ ಮಾತನ್ನು ಆ ಪಾತ್ರ ಅಲ್ಲಿ, ಆ ರೀತಿಯಲ್ಲೇ ಏಕೆ ಆಡಿತು ಎಂದು ಕೇಳಿಕೊಳ್ಳಲು ಹೇಳಿ.

ಪ್ರಶ್ನೆ: ವಿಶ್ಲೇಷಣೆ ಎಂದರೆ ಕೃತಿಯಲ್ಲಿ ತಪ್ಪು ಹುಡುಕುವುದಲ್ಲವೇ?

ಉತ್ತರ: ಅಲ್ಲ.

ಪ್ರಶ್ನೆ: ಒಂದೇ ಗಂಟೆಯಲ್ಲಿ ವಿಮರ್ಶೆ ಕಲಿಸುವ ಆನ್‌ಲೈನ್ ತರಗತಿಯ ಜಾಹೀರಾತು ನೋಡಿದೆ. ಸೇರಲೇ?

ಉತ್ತರ: ದುಡ್ಡು ಹೆಚ್ಚಾಗಿದ್ದರೆ ಸೇರಿ. ಅಂಥವರು ಮಾರುವುದು ‘ಈ ಕೃತಿ ಮಾನವೀಯ ಮೌಲ್ಯಗಳನ್ನು ಎತ್ತಿ ಹಿಡಿಯುತ್ತದೆ’ ಎಂಬ ಜಾತಿಯ ವಾಕ್ಯಗಳನ್ನು. ಕೃತಿಯ ಹೆಸರು ಬದಲಿಸಿದರೂ ಅಲುಗಾಡದೆ ನಿಲ್ಲುವ ವಾಕ್ಯ ಯಾವ ಕೃತಿಯ ಬಗೆಗೂ ಏನೂ ಹೇಳುವುದಿಲ್ಲ. ಗೈಡುಗಳೂ ಅಷ್ಟೇ. ಆ ದುಡ್ಡಿಗೆ ಮೂಲ ಪುಸ್ತಕ ಕೊಂಡು ಪೆನ್ಸಿಲ್ ಹಿಡಿದು ಕೂರಿ.

ಪ್ರಶ್ನೆ: ಛಂದಸ್ಸು, ಅಲಂಕಾರಗಳನ್ನು ಗುರುತಿಸಿದರೆ ಸಾಕೇ?

ಉತ್ತರ: ಉಪಮೆ ಇದೆ ಎಂದು ಬರೆದವರು ಬಹಳ ಮಂದಿ. ಅದು ಅಲ್ಲಿ ಏನು ಮಾಡುತ್ತಿದೆ ಎಂದು ಬರೆದವರು ಕಡಿಮೆ. ಪೂರ್ಣ ಅಂಕ ಬರುವುದು ಅವರಿಗೆ.

ಪ್ರಶ್ನೆ: ಎಷ್ಟು ಪುಟ ಬರೆಯಬೇಕು?

ಉತ್ತರ: ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರಿಸುವುದಿಲ್ಲ.