ಹೊಳೆಮತ್ತಿ ಕಷಾಯ ಕುಡಿದರೆ ಹಾರ್ಟ್ ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಐದು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಯಾರೋ ಹೇಳಿದರೆಂದು ಈಗ ದಿನಾ ಬೆಳಿಗ್ಗೆ ಹೊಳೆಮತ್ತಿ ತೊಗಟೆಯ ಕಷಾಯ ಕುಡಿಯುತ್ತಾರೆ. ‘ಇದು ಹೃದಯಕ್ಕೇ ಇರೋ ಔಷಧಿ, ಇನ್ನು ಮಾತ್ರೆ ಯಾಕೆ?’ ಅಂತಾರೆ. ಅವರಿಗೆ ಏನು ಹೇಳಲಿ?
– ಓದುಗರೊಬ್ಬರು

ಉತ್ತರ: ಮೊದಲು ಮಾತ್ರೆಯ ವಿಷಯ. ಬಿಡಬಾರದು, ಒಂದು ದಿನವೂ. ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಕೂತಿರುವ ಲೋಹದ ಸಣ್ಣ ಬಲೆ. ಅದರ ಮೇಲೆ ನಾಳದ ಪದರ ಬೆಳೆದು ಮುಚ್ಚಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಅಲ್ಲಿವರೆಗೂ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ಮಾತ್ರೆಗಳು. ಆ ಕೆಲಸಕ್ಕೆ ಹೊಳೆಮತ್ತಿಯನ್ನು ನಂಬಿ ಕೂರುವಂತಿಲ್ಲ.

ನಮ್ಮ ದೊಡ್ಡಪ್ಪನೂ ಹೀಗೇ ಮಾಡಿದ್ದರು. ಕಷಾಯ ಶುರು ಮಾಡಿದ ಮೇಲೆ ಮೈ ಹಗುರಾಯಿತು ಅಂತ ಮಾತ್ರೆ ಡಬ್ಬಿಯನ್ನು ಕಪಾಟಿನಲ್ಲಿ ಬಟ್ಟೆಯ ಹಿಂದೆ ಸರಿಸಿಟ್ಟರು. ಹತ್ತೊಂಬತ್ತನೇ ದಿನ ನಸುಕಿನಲ್ಲಿ ಎದೆನೋವು. ಜೀವ ಉಳಿಯಿತು. ಆದರೆ ಆಮೇಲೆ ನಾಲ್ಕು ಮೆಟ್ಟಿಲು ಹತ್ತಿದರೂ ಉಸಿರು ಕಟ್ಟುತ್ತಿತ್ತು. ಆಯುರ್ವೇದ ಓದಿದ ನಾನು ಅದೇ ಮನೆಯಲ್ಲಿದ್ದೆ, ಆ ಡಬ್ಬಿ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೊಳೆಮತ್ತಿ ಸುಮ್ನೆ ಹೆಸರು ಪಡೆದ ಮರವಲ್ಲ. ಅರ್ಜುನ ಅನ್ನುವುದು ಇದನ್ನೇ. ಸುಮಾರು ಸಾವಿರ ವರ್ಷ ಹಿಂದೆ ಬರೆದ ಆಯುರ್ವೇದ ಗ್ರಂಥ ‘ಚಕ್ರದತ್ತ’ದಲ್ಲೂ ಹೃದಯದ ತೊಂದರೆಗೆ ಇದರ ತೊಗಟೆಯನ್ನು ಹೇಳಿದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಡೆದಾಗ ಎದೆ ಹಿಡಿಯುತ್ತಿದ್ದ 58 ಗಂಡಸರಿಗೆ ತೊಗಟೆಯ ಸಾರವನ್ನು ಎಂಟು ಗಂಟೆಗೊಮ್ಮೆ 500 ಮಿಲಿಗ್ರಾಂನಂತೆ ಕೊಟ್ಟರು. ಟ್ರೆಡ್‌ಮಿಲ್ ಮೇಲೆ ಅವರು ಮೊದಲಿಗಿಂತ ಜಾಸ್ತಿ ಹೊತ್ತು ನಡೆದರು. ಆದರೆ 2016ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಹೃದಯ ದುರ್ಬಲವಾಗಿದ್ದ 100 ಜನರಿಗೆ ಮಾತ್ರೆಗಳ ಜೊತೆ 12 ವಾರ ಕೊಟ್ಟರೂ ಹೃದಯದ ಪಂಪ್ ಮಾಡುವ ಶಕ್ತಿ ಹೆಚ್ಚಲಿಲ್ಲ. ಮಾತ್ರೆಯ ಜಾಗಕ್ಕೆ ಇದನ್ನು ತರುವಷ್ಟು ಬಲ ಇದರಲ್ಲಿ ಯಾವುದಕ್ಕೂ ಇಲ್ಲ.

ಇನ್ನೊಂದು ಮಾತು ಕೇಳಿ. ತಂದೆಯವರು ಕುಡಿಯುತ್ತಿರುವುದು ಹೊಳೆಮತ್ತಿಯೇ ತಾನೇ? ಎಷ್ಟೋ ಕಡೆ ಕರಿಮತ್ತಿಯ ತೊಗಟೆಯನ್ನು ‘ಮತ್ತಿ’ ಅಂತಲೇ ಕೊಟ್ಟುಬಿಡುತ್ತಾರೆ. ಕರಿಮತ್ತಿಯದು ಕಪ್ಪಗೆ, ಮೊಸಳೆಯ ಬೆನ್ನಿನ ಹಾಗೆ ಚೌಕಚೌಕವಾಗಿ ಬಿರಿದಿರುತ್ತದೆ. ಹೊಳೆಯ ದಂಡೆಯಲ್ಲಿ ಬೆಳೆಯುವ ಹೊಳೆಮತ್ತಿಯದು ಬೂದುಬಿಳಿ, ನುಣುಪು, ತೆಳ್ಳಗೆ ಹಾಳೆಹಾಳೆಯಾಗಿ ಏಳುತ್ತದೆ, ಒಳಗೆ ನಸುಗೆಂಪು. ಚೂರು ಬಾಯಿಗೆ ಹಾಕಿದರೆ ನಾಲಿಗೆ ಒಗರಿನಿಂದ ಮುದುಡಿಕೊಳ್ಳಬೇಕು. ಪುಡಿ ಮಾಡಿದ ಮೇಲೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ತೊಗಟೆಯನ್ನೇ ತನ್ನಿ ಅನ್ನುತ್ತೇನೆ.

ಹಳೆಯ ಪದ್ಧತಿ ಹಾಲಿನದು. ತೊಗಟೆ ಒಂದು ಪಾಲು, ಹಾಲು ಎಂಟು, ನೀರು ಮೂವತ್ತೆರಡು. ಸಣ್ಣ ಉರಿಯಲ್ಲಿ ನೀರೆಲ್ಲ ಆರಿ ಹಾಲಿನಷ್ಟೇ ಉಳಿಯುವವರೆಗೂ ಕುದಿಸಬೇಕು. ಕಬ್ಬಿಣದ ಪಾತ್ರೆ ಬೇಡ, ತೊಗಟೆಯ ಒಗರು ಕಬ್ಬಿಣಕ್ಕೆ ತಾಗಿದರೆ ಕಷಾಯ ಶಾಯಿಯ ಹಾಗೆ ಕಪ್ಪಾಗುತ್ತದೆ.

ಆದರೆ ನಿಮ್ಮ ತಂದೆಯವರು ಸದ್ಯಕ್ಕೆ ಹೊಳೆಮತ್ತಿಯನ್ನು ಯಾವ ರೀತಿಯಲ್ಲೂ ಕುಡಿಯದೆ ನಿಲ್ಲಿಸಲಿ. ರಕ್ತ ಹೆಪ್ಪುಗಟ್ಟದ ಮಾತ್ರೆಯ ಜೊತೆ ಇದೂ ಸೇರಿದರೆ ರಕ್ತಸ್ರಾವ ಜಾಸ್ತಿಯಾಗಬಹುದು, ಬಿಪಿ ಬೇಕಾದ್ದಕ್ಕಿಂತ ಇಳಿಯಬಹುದು. ಹಲ್ಲುಜ್ಜುವಾಗ ರಕ್ತ, ಮೈಮೇಲೆ ನೀಲಿ ಕಲೆ, ಕಪ್ಪು ಮಲ, ಎದ್ದು ನಿಂತಾಗ ತಲೆ ಸುತ್ತುವುದು – ಇವೇನಾದರೂ ಆಗಿದೆಯಾ ಅಂತ ಇವತ್ತೇ ಕೇಳಿ. ಆಗಿದ್ದರೆ ಕಾಯಬೇಡಿ, ಕೂಡಲೇ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಮುಂದಿನ ಸಲ ಹೃದಯದ ಡಾಕ್ಟರ ಬಳಿ ಹೋಗುವಾಗ ಮಾತ್ರೆ ಚೀಟಿಯ ಜೊತೆ ಆ ತೊಗಟೆಯ ಪೊಟ್ಟಣವನ್ನೂ ಮೇಜಿನ ಮೇಲಿಡಿ. ನೀವೂ ಜೊತೆಗೆ ಹೋಗಿ. ಅಪ್ಪಂದಿರು ಇಂಥದ್ದನ್ನು ತಾವಾಗಿ ಹೇಳುವುದಿಲ್ಲ ಅಲ್ವಾ.