ಚೇಳಿನಲ್ಲಿ ಗಂಡು ಯಾವ್ದು ಹೆಣ್ಣು ಯಾವ್ದು ಅಂತ ನೋಡಿ ಹೇಳೋಕಾಗುತ್ತಾ?

ಆಗುತ್ತೆ, ಆದ್ರೆ ಮೇಲಿಂದ ನೋಡಿದ್ರೆ ಸಾಲಲ್ಲ, ಹೊಟ್ಟೆ ಕಡೆ ನೋಡ್ಬೇಕು. ಕೊನೇ ಜೊತೆ ಕಾಲುಗಳ ಹತ್ರ ಬಾಚಣಿಗೆ ತರ ಎರಡು ಅಂಗ ಇರ್ತವೆ, ಅದಕ್ಕೆ ಪೆಕ್ಟಿನ್ ಅಂತಾರೆ. ನೆಲದ ಮೇಲೆ ಬಿದ್ದಿರೋ ವಾಸನೆ, ಕೆಮಿಕಲ್ ಸಿಗ್ನಲ್ ಹಿಡಿಯೋದು ಇದರಿಂದಾನೆ, ಗಂಡು ಹೆಣ್ಣನ್ನ ಹುಡುಕ್ಕೊಂಡು ಅಲೀಬೇಕಲ್ವಾ, ಹಂಗಾಗಿ ಅದರ ಪೆಕ್ಟಿನ್ ಸಾಮಾನ್ಯವಾಗಿ ಉದ್ದ, ಹಲ್ಲುಗಳೂ ದೊಡ್ಡವು, ಎಷ್ಟೋ ಜಾತಿಗಳಲ್ಲಿ ಸಂಖ್ಯೆನೂ ಜಾಸ್ತಿ. ಹೆಣ್ಣಿಂದು ಗಿಡ್ಡ.

ಮೈಕಟ್ಟು ನೋಡಿದ್ರೆ ಹೆಣ್ಣು ದಪ್ಪ, ಹೊಟ್ಟೆ ಅಗಲ, ಯಾಕಂದ್ರೆ ಚೇಳು ಮೊಟ್ಟೆ ಇಡಲ್ಲ, ಮರಿನೇ ಹಾಕುತ್ತೆ. ಗಂಡು ಸಣಕಲು. ಕೆಲವು ಜಾತೀಲಿ ಗಂಡಿನ ಬಾಲ ತುಂಬಾ ಉದ್ದ, ದಕ್ಷಿಣ ಆಫ್ರಿಕಾದ ಹ್ಯಾಡೊಜೀನಿಸ್ ಚೇಳಲ್ಲಿ ಇದು ಎದ್ದು ಕಾಣುತ್ತೆ. ಇಕ್ಕಳದ ಆಕಾರ ಮಾತ್ರ ಜಾತಿಗೊಂದು ತರ, ಅದನ್ನೊಂದೇ ನಂಬ್ಕೋಬೇಡಿ.

ಬೆನ್ನ ಮೇಲೆ ಬಿಳಿ ಮರಿಗಳು ಕೂತಿದ್ರೆ ಡೌಟೇ ಬೇಡ, ಹೆಣ್ಣೇ. ಬ್ರೆಜಿಲ್‌ನ ಟಿಟಿಯಸ್ ಸೆರುಲೇಟಸ್ ಅನ್ನೋ ಹಳದಿ ಚೇಳಲ್ಲಂತೂ ಬಹುತೇಕ ಎಲ್ಲಾ ಹೆಣ್ಣೇ, ಗಂಡಿಲ್ದೇನೇ ಮರಿ ಹಾಕ್ತವೆ!

ಚೆಕ್ ಮಾಡೋಕೆ ಕೈಯಲ್ಲಿ ಹಿಡಿಯೋಕೆ ಹೋಗ್ಬೇಡಿ ಮಾರಾಯ್ರೇ, ಗಾಜಿನ ಡಬ್ಬಿಲಿದ್ರೆ ಕೆಳಗಿಂದ ನೋಡಿ. ನಮ್ಮ ಕಡೆಯ ಕೆಂಪು ಚೇಳು ಗಂಡಾದ್ರೂ ಹೆಣ್ಣಾದ್ರೂ ಕುಟುಕಿದ್ರೆ ಜೀವಕ್ಕೇ ಅಪಾಯ, ಅದ್ರಲ್ಲೂ ಮಕ್ಕಳಿಗೆ.